ಮುಂಡಗೋಡ: ಒಂದೇ ಕಾಡಂಚು, ಬೇರೆ ಬೇರೆ ಕಾಗದ

ಹುಬ್ಬಳ್ಳಿಯಿಂದ ಶಿರಸಿ ಕಡೆಗೆ ಹೊರಟ ಬಸ್ಸು ತಡಸ ದಾಟಿದ ಮೇಲೆ ಎರೆಹೊಲಗಳು ಹಿಂದೆ ಬಿದ್ದು ಸಾಗುವಾನಿ ಮರಗಳು ಎದುರಾಗತೊಡಗುತ್ತವೆ. ಅತ್ತ ಪೂರ್ತಿ ಬಯಲುಸೀಮೆಯಲ್ಲ, ಇತ್ತ ಪೂರ್ತಿ ಮಲೆನಾಡಲ್ಲ. ಜನ ಅರೆಮಲೆನಾಡು ಎನ್ನುವ ಈ ಸೆರಗಿನಲ್ಲಿದೆ ಮುಂಡಗೋಡ. ಉತ್ತರ ಕನ್ನಡ ಜಿಲ್ಲೆಯ ಒಂದು ಸಣ್ಣ ತಾಲ್ಲೂಕು ಕೇಂದ್ರ. ಸುತ್ತ ಭತ್ತ, ಗೋವಿನಜೋಳದ ಗದ್ದೆ ಹೊಲ, ಅದರಾಚೆ ಕಾಡು. ಇಡೀ ತಾಲ್ಲೂಕು ಸೇರಿದರೂ 2011ರ ಜನಗಣತಿಯ ಹೊತ್ತಿಗೆ ಜನಸಂಖ್ಯೆ ಒಂದು ಲಕ್ಷವನ್ನು ಅಷ್ಟಿಷ್ಟು ದಾಟಿತ್ತು, ಅಷ್ಟೆ.

ಆ ಒಂದು ಲಕ್ಷದೊಳಗೆ ಯಾರೆಲ್ಲ ಇದ್ದಾರೆ ನೋಡಿ. ಲಿಂಗಾಯತ ಒಕ್ಕಲು ಮನೆತನಗಳು, ಮರಾಠರು, ಪೇಟೆಯ ಉರ್ದು ಮಾತಿನ ಮುಸ್ಲಿಮರು, ಶಿರಸಿ ದಿಕ್ಕಿನ ಹಳ್ಳಿಗಳಲ್ಲಿ ಹವ್ಯಕರು, ಕೊಂಕಣಿ ಮಾತಿನ ಕ್ರೈಸ್ತರು, ದಲಿತ ಕೇರಿಗಳು, ಲಂಬಾಣಿ ತಾಂಡಾಗಳು, ಕಾಡಿನೊಳಗಿನ ಗೌಳಿವಾಡಗಳು, ಆಫ್ರಿಕದ ಮೂಲದ ಸಿದ್ದಿಯರು. ಊರಿನಿಂದ ಕೆಲವೇ ಮೈಲಿ ದೂರದಲ್ಲಿ, ಜನ ಬರೀ 'ಕ್ಯಾಂಪ್' ಎಂದು ಕರೆಯುವ ಟಿಬೆಟನ್ ವಸಾಹತು. ಸಂತೆಯ ದಿನ ಒಂದೇ ಮೆಣಸಿನಕಾಯಿ ರಾಶಿಯ ಸುತ್ತ ನಾಲ್ಕೈದು ಭಾಷೆಗಳಲ್ಲಿ ಚೌಕಾಸಿ ನಡೆಯುತ್ತದೆ. ಕೊನೆಗೆ ದರ ಕುದುರುವುದು ಮಾತ್ರ ಹುಬ್ಬಳ್ಳಿ ಗಾಳಿ ಬೀಸಿದ ಕನ್ನಡದಲ್ಲಿ.

ಹೊರಗಿನಿಂದ ಬಂದವರು ಈ ಮುಖಗಳನ್ನು ಕಂಡು ಬೆರಗಾಗುತ್ತಾರೆ, ಫೋಟೊ ಹಿಡಿಯುತ್ತಾರೆ, 'ಮಿನಿ ಟಿಬೆಟ್', 'ಕರ್ನಾಟಕದ ಆಫ್ರಿಕ' ಎಂಬ ಶೀರ್ಷಿಕೆ ಕೊಡುತ್ತಾರೆ. ಆ ಬೆರಗಿನ ಬಗ್ಗೆ ನನಗೆ ತಕರಾರಿಲ್ಲ. ಆದರೆ ಅದು ಮುಖದ ಹತ್ತಿರವೇ ನಿಂತುಬಿಡುತ್ತದೆ. ಇಲ್ಲಿ ಒಬ್ಬನಿಗೆ ಕಾಲಡಿಯ ನೆಲ ತನ್ನದೆನ್ನಲು ಬರುತ್ತದೋ ಇಲ್ಲವೋ, ಮಗಳ ಓದಿಗೆ ವಿದ್ಯಾರ್ಥಿವೇತನ ಸಿಗುತ್ತದೋ ಇಲ್ಲವೋ, ಮತ ಹಾಕಬಹುದೋ ಇಲ್ಲವೋ ಎಂಬುದು ತೀರ್ಮಾನವಾಗುವುದು ಬೇರೆ ಕಡೆ. ತಹಶೀಲ್ದಾರರ ಕಚೇರಿಯ ಕಪಾಟಿನಲ್ಲಿ ಇಲ್ಲವೇ ದೆಹಲಿಯ ಗೃಹ ಇಲಾಖೆಯ ಕಡತದಲ್ಲಿ ಅವನ ಹೆಸರಿನ ಮುಂದೆ ಯಾವ ಶಬ್ದ ಬರೆದಿದೆ ಎನ್ನುವುದರ ಮೇಲೆ.

ಸಿದ್ದಿಯರಿಂದಲೇ ಶುರು ಮಾಡೋಣ. ಮೈನಳ್ಳಿ, ಗುಂಜಾವತಿ ಕಡೆಯ ಕಾಡಂಚಿನಲ್ಲಿ ಅವರ ಮನೆಗಳಿವೆ. ಯಲ್ಲಾಪುರ, ಹಳಿಯಾಳ, ಅಂಕೋಲಾ, ಜೊಯಿಡಾ, ಶಿರಸಿ ತಾಲ್ಲೂಕುಗಳಲ್ಲೂ ಹರಡಿದ್ದಾರೆ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಆಫ್ರಿಕದ ಪೂರ್ವ ತೀರದ ಮೊಜಾಂಬಿಕ್ ಕೂಡ ಅವರದೇ ಕೈಯಲ್ಲಿತ್ತು. 1752ರ ತನಕ ಅಲ್ಲಿನ ಆಡಳಿತ ನಡೆಯುತ್ತಿದ್ದುದು ಗೋವೆಯ ವೈಸರಾಯ್ ಕೆಳಗೆ. ಒಂದೇ ದೊರೆತನದ ಎರಡು ಬಂದರುಗಳ ನಡುವೆ ಬಟ್ಟೆ, ದಂತ, ಚಿನ್ನದ ಜೊತೆ ಮನುಷ್ಯರೂ ಸರಕಾಗಿ ಹಡಗೇರಿದರು. ಗೋವೆಯ ಸಿರಿವಂತರ ಮನೆಗಳಲ್ಲಿ ಗುಲಾಮರಾಗಿ ದುಡಿದವರಲ್ಲಿ ಕೆಲವರು ತಪ್ಪಿಸಿಕೊಂಡು, ಕೆಲವರು ಬಿಡುಗಡೆ ಪಡೆದು ಘಟ್ಟ ಹತ್ತಿದರು. ಪೋರ್ಚುಗೀಸರ ಕೈ ಸುಲಭಕ್ಕೆ ತಲುಪದ ದಟ್ಟ ಕಾಡು ಹತ್ತಿರದಲ್ಲೇ ಇತ್ತು. ದಖ್ಖನಿನ ಸುಲ್ತಾನರ ಸೇನೆಗಳ ದಾರಿಯಿಂದ ಬಂದವರೂ ಇದ್ದಾರೆ. ಸಿದ್ದಿಯರ ಆಫ್ರಿಕದ ಬಂಟು ಮೂಲವನ್ನು 2011ರಲ್ಲಿ ಪ್ರಕಟವಾದ ಡಿಎನ್ಎ ಅಧ್ಯಯನವೂ ಖಚಿತಪಡಿಸಿತು. ಶತಮಾನಗಳ ಒಡನಾಟದಲ್ಲಿ ಬೆರೆತ ಭಾರತೀಯ ಮತ್ತು ಐರೋಪ್ಯ ರಕ್ತದ ಗುರುತುಗಳೂ ಅಲ್ಲಿ ಸಿಕ್ಕವು.

ಆದರೂ ಸಿದ್ದಿಯರನ್ನು 'ಒಂದು ಜನಾಂಗ' ಎಂದು ಒಂದೇ ಚೌಕದಲ್ಲಿ ಕೂರಿಸುವುದು ಕಷ್ಟ. ಅವರಲ್ಲಿ ಹಿಂದೂಗಳಿದ್ದಾರೆ, ಕ್ರೈಸ್ತರಿದ್ದಾರೆ, ಮುಸ್ಲಿಮರಿದ್ದಾರೆ. ಮನೆಮಾತು ಬಹುಪಾಲು ಕೊಂಕಣಿಯ ಒಂದು ಬಗೆ. ಹವ್ಯಕರ ತೋಟಗಳಲ್ಲಿ ತಲೆಮಾರುಗಳಿಂದ ದುಡಿದವರ ಕನ್ನಡದಲ್ಲಿ ಹವಿಗನ್ನಡದ ಎಳೆ ಕೇಳಿಸುತ್ತದೆ. ಮೂರು ಧರ್ಮದವರನ್ನೂ ಹತ್ತಿರ ತರುವುದು ಹಿರಿಯರ ಪೂಜೆ, ಡಮಾಮಿಯ ಬಡಿತ, ಹಳೆ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿಯುವ ಕೌದಿ. ಸಾತುಂಬೈಲಿನ ಸಿದ್ದಿನಾಸ ಜಾತ್ರೆಗೆ ಶಿಲುಬೆ ಧರಿಸಿದವರೂ ಬರುತ್ತಾರೆ, ಕುಂಕುಮ ಇಟ್ಟವರೂ ಬರುತ್ತಾರೆ, ನಮಾಜು ಮಾಡುವವರೂ ಬರುತ್ತಾರೆ. ಧರ್ಮದ ಕಾಲಂ ನೋಡಿ ಜನರನ್ನು ಎಣಿಸುವವರಿಗೆ ಈ ಜಾತ್ರೆ ಯಾವ ಲೆಕ್ಕಕ್ಕೂ ಸಿಗುವುದಿಲ್ಲ.

ಸರ್ಕಾರದ ಕಣ್ಣಿಗೆ ಅವರು ಮೊದಲು ಬಿದ್ದದ್ದು ದೇಹಗಳಾಗಿ. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರವು ಆಫ್ರಿಕ ಮೂಲದವರು ಹುಟ್ಟಾ ಓಟಗಾರರಿರಬೇಕೆಂಬ ನಂಬಿಕೆಯಲ್ಲಿ ಈ ಹಳ್ಳಿಗಳ ಮಕ್ಕಳನ್ನು ಆರಿಸಿ ತರಬೇತಿಗೆ ಕರೆದೊಯ್ದಿತು. ಕೆಲವರು ಪದಕ ತಂದರು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದರು. ಆದರೆ 1990ರ ದಶಕದ ಆರಂಭದಲ್ಲಿ ಯೋಜನೆಯೇ ನಿಂತುಹೋಯಿತು. ಉಳಿದ ಮಕ್ಕಳು ಬಂದ ದಾರಿಗೆ ಸುಂಕವಿಲ್ಲದೆ ಕೂಲಿಗೆ ಮರಳಿದರು. 1980ರ ದಶಕದ ಇನ್ನೊಂದು ಪ್ರಯತ್ನ ನನಗೆ ಹೆಚ್ಚು ಮುಖ್ಯವೆನಿಸುತ್ತದೆ. ರಂಗಸಂಸ್ಥೆ ನೀನಾಸಮ್‌ನವರು ಯಲ್ಲಾಪುರ ತಾಲ್ಲೂಕಿನ ಮಂಚಿಕೇರಿಯಲ್ಲಿ ಸಿದ್ದಿಯರನ್ನೇ ಕಟ್ಟಿಕೊಂಡು ನೈಜೀರಿಯದ ಚಿನುವ ಅಚೆಬೆಯ ಕಾದಂಬರಿಯನ್ನು ಆಧರಿಸಿದ ನಾಟಕ ಆಡಿಸಿದರು. ಓಟದ ವೇಗ ಅಳೆಯಲು ಬಂದವರಿಗೂ ಮಾತು ಕೇಳಲು ಬಂದವರಿಗೂ ಇರುವ ಅಂತರ ದೊಡ್ಡದು. ಮುಂದೆ ಸಿದ್ದಿ ನಟನಟಿಯರು ಕನ್ನಡ ರಂಗಭೂಮಿಯಲ್ಲಿ ತಮ್ಮದೇ ಜಾಗ ಮಾಡಿಕೊಂಡರು.

ಅವರ ಕಾಗದ ಬದಲಾದದ್ದು 2003ರಲ್ಲಿ. ಆ ವರ್ಷ ಉತ್ತರ ಕನ್ನಡ ಜಿಲ್ಲೆಯ ಸಿದ್ದಿಯರು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದರು. 'ಉತ್ತರ ಕನ್ನಡ ಜಿಲ್ಲೆಯ' ಎಂಬ ಮಾತನ್ನು ಗಮನಿಸಬೇಕು. ಮುಂಡಗೋಡಕ್ಕೆ ತಾಗಿಕೊಂಡಿರುವ ಕಲಘಟಗಿ ಧಾರವಾಡ ಜಿಲ್ಲೆಗೆ ಸೇರಿದ್ದು. ಒಂದೇ ಬಳಗ, ಒಂದೇ ಮಾತು, ಕೊಟ್ಟು ತರುವ ಸಂಬಂಧ. ಆದರೆ ಜಿಲ್ಲೆಯ ಗಡಿಯ ಆಚೆಗಿನವರು ಸರ್ಕಾರದ ಪಟ್ಟಿಯಲ್ಲಿ ಬುಡಕಟ್ಟಿನವರಾಗಿರಲಿಲ್ಲ. ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರ ಹೆಸರು ಪಟ್ಟಿಗೆ ಸೇರಲು 2020 ಬರಬೇಕಾಯಿತು. ಹದಿನೇಳು ವರ್ಷವೆಂದರೆ ಒಂದು ಮಗು ಅಂಗನವಾಡಿಗೆ ಕಾಲಿಡುವುದಕ್ಕೂ ಮೊದಲಿನಿಂದ ಪಿಯುಸಿ ಮುಗಿಸುವ ತನಕ. ಅದೇ 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡು, ರಾಜ್ಯದ ಶಾಸನಸಭೆಯಲ್ಲಿ ಕುಳಿತ ಮೊದಲ ಸಿದ್ದಿಯಾದರು.

ಈ ಪಟ್ಟಿಯ ಬೆಲೆ ಎಷ್ಟೆಂದು ತಿಳಿಯಬೇಕಾದರೆ ಸಿದ್ದಿಯರ ನೆರೆಮನೆಗೆ ಹೋಗಬೇಕು. ಅದು ಗೌಳಿಗಳದ್ದು. ಮಹಾರಾಷ್ಟ್ರದ ಘಟ್ಟಸೀಮೆಯಿಂದ ಎಮ್ಮೆಗಳ ಹಿಂದೆ ಮೇವು ಅರಸುತ್ತ ದಕ್ಷಿಣಕ್ಕೆ ಇಳಿದ ಧನಗರ ಗೌಳಿಗಳು ಮರಾಠಿಯ ತಮ್ಮದೇ ಒಂದು ಬಗೆಯನ್ನು ಆಡುತ್ತಾರೆ. ದಟ್ಟ ಕಾಡಿನ ನಡುವೆ ನಾಲ್ಕಾರು ಮನೆ, ಪಕ್ಕದಲ್ಲಿ ದನ ಎಮ್ಮೆ ಕಟ್ಟುವ ದಡ್ಡಿ. ಇಷ್ಟಿದ್ದರೆ ಒಂದು ಗೌಳಿವಾಡ. ಸಂಶೋಧಕರಾದ ಮಾಧವ ಗಾಡ್ಗೀಳ್ ಮತ್ತು ಕೈಲಾಸ್ ಮಲ್ಹೋತ್ರಾ ಪಶ್ಚಿಮ ಮಹಾರಾಷ್ಟ್ರದ ಧನಗರರ ನಡುವೆ ಅಧ್ಯಯನ ನಡೆಸಿ, ಯಾರು ಯಾವ ಕಾಡಿನ ಯಾವ ಭಾಗವನ್ನು ಬಳಸಬೇಕು ಎಂಬ ಹಂಚಿಕೆ ಈ ಸಮುದಾಯಗಳ ನಡುವೆ ಹೇಗೆ ನಡೆಯುತ್ತಿತ್ತು ಎಂದು ವಿವರಿಸಿದ್ದರು. ಬೇಸಾಯದವರ ಗದ್ದೆಗೆ ಗೊಬ್ಬರ, ಪೇಟೆಗೆ ಬೆಣ್ಣೆ ತುಪ್ಪ, ಇವರಿಗೆ ಕಾಳು ಕಡಿ. ಕಾಡು ಯಾರ ಹೆಸರಿನಲ್ಲೂ ಇಲ್ಲದ ಕಾಲದಲ್ಲಿ ಈ ಏರ್ಪಾಡು ನಡೆದುಕೊಂಡು ಹೋಯಿತು.

ಈಗ ಕಾಡು ಸರ್ಕಾರದ ಹೆಸರಿನಲ್ಲಿದೆ. ಉತ್ತರ ಕನ್ನಡದ ಭೂಮಿಯಲ್ಲಿ ಮುಕ್ಕಾಲು ಪಾಲಿಗೂ ಹೆಚ್ಚು ಅರಣ್ಯವೆಂದು ದಾಖಲಾಗಿದೆ. ಹಾಗಾಗಿ 'ಅತಿಕ್ರಮಣ' ಎಂಬುದು ಈ ಜಿಲ್ಲೆಯ ದಿನಬಳಕೆಯ ಮಾತು. ಅಜ್ಜನ ಕಾಲದಿಂದ ಉಳುತ್ತಿರುವವನೂ ಕಡತದಲ್ಲಿ ಅತಿಕ್ರಮಣದಾರ. 2006ರ ಅರಣ್ಯ ಹಕ್ಕು ಕಾಯ್ದೆ ಈ ಗಾಯಕ್ಕೆ ಮದ್ದಾಗಿ ಬಂತು. ಅದರ ಪ್ರಕಾರ ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲು ಆ ನೆಲದಲ್ಲಿ ಇದ್ದರೆಂದು ತೋರಿಸಿದರೆ ಸಾಕು, ನಾಲ್ಕು ಹೆಕ್ಟೇರ್‌ವರೆಗೆ ಹಕ್ಕು ಕೇಳಬಹುದು. ಪಟ್ಟಿಯಲ್ಲಿ ಇಲ್ಲದ 'ಇತರೆ ಪಾರಂಪರಿಕ ಅರಣ್ಯವಾಸಿ'ಗಳು ಮಾತ್ರ ಅದೇ ದಿನಾಂಕಕ್ಕೆ ಹಿಂದಿನ ಮೂರು ತಲೆಮಾರು, ತಲೆಮಾರಿಗೆ 25 ವರ್ಷದಂತೆ ಒಟ್ಟು 75 ವರ್ಷ ಅಲ್ಲೇ ಬದುಕಿದ್ದರೆಂದು ರುಜುವಾತು ಕೊಡಬೇಕು.

ಗೌಳಿಗಳು ಕರ್ನಾಟಕದಲ್ಲಿ ಹಿಂದುಳಿದ ವರ್ಗದವರು. ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂಬ ಅವರ ಬೇಡಿಕೆ ಬಹಳ ಹಳೆಯದು. ಸಿದ್ದಿಯ ಮನೆಗೂ ಗೌಳಿಯ ಮನೆಗೂ ನಡುವೆ ಒಂದು ಹಳ್ಳ ಇರಬಹುದು. ಇಬ್ಬರೂ ಒಂದೇ ಕಾಡಿನ ಸೌದೆ, ಜೇನು, ಸೀಗೆ ನಂಬಿದವರು. ಆದರೆ ಹಳ್ಳದ ಈಚೆಗಿನವನು 2005ರ ಸಾಕ್ಷಿ ತಂದರೆ ಸಾಲುತ್ತದೆ. ಆಚೆಗಿನವನು 1930ಕ್ಕೆ ಹಿಂದೆ ಸರಿಯಬೇಕು. ಎಮ್ಮೆ ಹೊಡೆದುಕೊಂಡು ಕಾಡಿನಿಂದ ಕಾಡಿಗೆ ಹೋಗುತ್ತಿದ್ದ ಮುತ್ತಜ್ಜನ ಹೆಸರಿನ ರಸೀದಿ ಯಾರ ಪೆಟ್ಟಿಗೆಯಲ್ಲಿ ಸಿಗಬೇಕು? ಊರ ಹಿರಿಯರ ಹೇಳಿಕೆಯೂ ಸಾಕ್ಷ್ಯವೇ ಎಂದು ಕಾಯ್ದೆಯ ನಿಯಮಗಳು ಸ್ಪಷ್ಟವಾಗಿ ಹೇಳುತ್ತವೆ. ಆದರೆ ಅರ್ಜಿಗಳು ತಿರಸ್ಕೃತವಾಗುವಾಗ ಆ ನಿಯಮ ಯಾರಿಗೂ ನೆನಪಾಗುವುದಿಲ್ಲ. ಇದನ್ನು ಅನ್ಯಾಯವೆಂದೇ ಕರೆಯಬೇಕು. ಹಾಗೆಂದು ಸಿದ್ದಿಯರಿಗೆ ಸಿಕ್ಕದ್ದು ಹೆಚ್ಚಾಯಿತೆಂಬ ವಾದಕ್ಕೆ ಇಲ್ಲಿ ಎಡೆಯಿಲ್ಲ. ಅವರಿಗೆ ಸಿಕ್ಕದ್ದೇ ತಡವಾಗಿ, ಅದೂ ಅರೆಬರೆ.

ಲಂಬಾಣಿಗರ ಕತೆಯಲ್ಲಿ ಗೆರೆ ಎಳೆದಿರುವುದು ರಾಜ್ಯಗಳ ಗಡಿ. ತಾಂಡಾಗಳಲ್ಲಿ ಗೋರ್‌ಬೋಲಿ ಮಾತಾಡುವ ಇವರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಇದೇ ಜನ ತೆಲಂಗಾಣ, ಆಂಧ್ರದಲ್ಲಿ ಪರಿಶಿಷ್ಟ ಪಂಗಡ. ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ. ಜಾತಿಯಾದರೇನು, ಪಂಗಡವಾದರೇನು ಎನ್ನಿಸಬಹುದು. ಆದರೆ ಅರಣ್ಯ ಹಕ್ಕಿನ ಅರ್ಜಿ ಹಾಕುವಾಗ ಮುಂಡಗೋಡದ ಲಂಬಾಣಿಯೂ 75 ವರ್ಷದ ಸಾಲಿನಲ್ಲೇ ನಿಲ್ಲಬೇಕು.

ಕಾಗದದ ಬಲ ಮುಂಚೆಯೇ ಗೊತ್ತಿದ್ದವರೂ ಇದ್ದಾರೆ. ಶಿರಸಿ, ಯಲ್ಲಾಪುರ ಕಡೆಯ ಅಡಿಕೆ ತೋಟದವರಿಗೆ ಬ್ರಿಟಿಷರ ಕಾಲದಿಂದ ಸೊಪ್ಪಿನ ಬೆಟ್ಟದ ಸವಲತ್ತು ಇದೆ; ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಕಾಡಿನಿಂದ ಸೊಪ್ಪು, ದರಕು ತರಬಹುದು. ಹವ್ಯಕರು ಆಗಲೇ ಓದು ಬರಹ ಬಲ್ಲವರು, ತೆರಿಗೆ ಕಟ್ಟುವವರು, ಅರ್ಜಿ ಬರೆಯಬಲ್ಲವರು. ತೋಟವನ್ನು ಅವರು ಕಷ್ಟಪಟ್ಟೇ ಕಟ್ಟಿದರು, ಅದು ನಿಜ. ಆದರೆ ಆ ಸೊಪ್ಪು ಕೊಯ್ದು ಹೊತ್ತ ಸಿದ್ದಿ ಆಳಿನ ಹೆಸರು ಯಾವ ದಫ್ತರಿಗೂ ಏರಲಿಲ್ಲ ಎಂಬುದೂ ಅಷ್ಟೇ ನಿಜ.

ಇನ್ನು ಕ್ಯಾಂಪು. 1959ರ ಮಾರ್ಚ್‌ನಲ್ಲಿ ಲ್ಹಾಸಾದಲ್ಲಿ ದಂಗೆಯೆದ್ದು, ದಲೈ ಲಾಮಾ ಹಿಮಾಲಯ ದಾಟಿ ಭಾರತಕ್ಕೆ ಬಂದಾಗ ಅವರ ಹಿಂದೆ ಸಾವಿರಾರು ಜನ ಬಂದರು. ನಿರಾಶ್ರಿತರಿಗೆ ನೆಲ ಕೊಡಿ ಎಂದು ನೆಹರೂ ರಾಜ್ಯಗಳನ್ನು ಕೇಳಿಕೊಂಡರು. ಮೈಸೂರು ರಾಜ್ಯ ಮುಂದೆ ಬಂತು. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪನವರನ್ನು ದಲೈ ಲಾಮಾ ಇಂದಿಗೂ ಕೃತಜ್ಞತೆಯಿಂದ ನೆನೆಯುತ್ತಾರೆ. ಬೈಲುಕುಪ್ಪೆಯ ನಂತರ 1966ರಲ್ಲಿ ಮುಂಡಗೋಡದ ಹತ್ತಿರ ಸುಮಾರು ನಾಲ್ಕು ಸಾವಿರ ಎಕರೆ ಕಾಡುಭೂಮಿಯಲ್ಲಿ ದೋಗುಲಿಂಗ್ ವಸಾಹತು ಎದ್ದಿತು. ಹಿಮದ ನಾಡಿನ ಜನ ಇಲ್ಲಿನ ಸೆಕೆ, ಮಳೆ, ಸೊಳ್ಳೆಗಳ ನಡುವೆ ಗಿಡಗಂಟಿ ಕಡಿದು ಗೋವಿನಜೋಳ ಬಿತ್ತಿದರು. ಚಳಿಗಾಲದಲ್ಲಿ ಲೂಧಿಯಾನದ ಸ್ವೆಟರ್ ತಂದು ಊರೂರಲ್ಲಿ ಮಾರಿದರು. ಆ ಸ್ವೆಟರ್ ತೊಡದ ಉತ್ತರ ಕರ್ನಾಟಕದ ಮನೆಗಳು ಕಡಿಮೆ.

ಕ್ಯಾಂಪಿನಲ್ಲಿ ಮಠಗಳೂ ಇವೆ. ದೇಪುಂಗ್ ಮಠ 1416ರಲ್ಲಿ, ಗಾಂದೆನ್ ಮಠ 1409ರಲ್ಲಿ ಲ್ಹಾಸಾದ ಬಳಿ ಸ್ಥಾಪನೆಯಾದವು. ಟಿಬೆಟ್ ಕೈತಪ್ಪಿದ ಮೇಲೆ ಬಂಗಾಳದ ಬಕ್ಸಾದಲ್ಲಿ ಹತ್ತು ವರ್ಷ ಕಳೆದ ಭಿಕ್ಷುಗಳಲ್ಲಿ ಕೆಲವು ನೂರು ಜನ 1969ರಲ್ಲಿ ಮುಂಡಗೋಡಕ್ಕೆ ಬಂದು ಎರಡೂ ಮಠಗಳನ್ನು ಹೊಸದಾಗಿ ಕಟ್ಟಿದರು. ಈಗ ಭಿಕ್ಷುಗಳ ಸಂಖ್ಯೆ ಸಾವಿರಗಳಲ್ಲಿದೆ. ಊರವರು 'ಲಾಮಾ ಕ್ಯಾಂಪ್' ಎಂದು ಒಂದೇ ಹೆಸರಿನಲ್ಲಿ ಕರೆದರೂ ಒಳಗೆ ಎಲ್ಲರೂ ಟಿಬೆಟನ್ನರಲ್ಲ. ಲಡಾಖ್, ಸ್ಪಿತಿ, ಸಿಕ್ಕಿಂ, ಅರುಣಾಚಲದ ಹುಡುಗರಿದ್ದಾರೆ, ನೇಪಾಳ, ಭೂತಾನದವರಿದ್ದಾರೆ. ದೇಪುಂಗ್‌ನ ಗೋಮಾಂಗ್ ವಿದ್ಯಾಲಯಕ್ಕೂ ಮಂಗೋಲ ಜನರಿಗೂ ಶತಮಾನಗಳ ನಂಟು. ಹಾಗಾಗಿ ಮಂಗೋಲಿಯದವರು, ರಷ್ಯಾದ ಬುರ್ಯಾತಿಯ, ತುವಾದವರು, ವೋಲ್ಗಾ ಬಯಲಿನ ಕಲ್ಮೀಕಿಯದವರು ಕೂಡ ತರ್ಕಶಾಸ್ತ್ರ ಕಲಿಯಲು ಈ ಗೋವಿನಜೋಳದ ಸೀಮೆಗೆ ಬರುತ್ತಾರೆ.

ಮಾನವಶಾಸ್ತ್ರಜ್ಞ ಟಿ.ಸಿ. ಪಾಲಾಕ್ಷಪ್ಪ ಅವರು 1976ರಲ್ಲಿ ಉತ್ತರ ಕನ್ನಡದ ಸಿದ್ದಿಯರ ಮೇಲೆ, 1978ರಲ್ಲಿ ಮುಂಡಗೋಡದ ಟಿಬೆಟನ್ನರ ಮೇಲೆ ಒಂದೊಂದು ಪುಸ್ತಕ ಬರೆದರು. ಒಬ್ಬನೇ ಕನ್ನಡಿಗ ವಿದ್ವಾಂಸ ಒಂದೇ ಜಿಲ್ಲೆಯಲ್ಲಿ ಇವೆರಡನ್ನೂ ಕೈಗೆತ್ತಿಕೊಂಡದ್ದು ನನಗೆ ದೊಡ್ಡ ಸಂಗತಿ. ಆದರೆ ಆ ಎರಡು ಪುಸ್ತಕಗಳ ನಡುವಿನ ಜಾಗ, ಅಂದರೆ ಕ್ಯಾಂಪಿನ ಹೊಲಕ್ಕೆ ಕೂಲಿಗೆ ಬರುವ ಲಂಬಾಣಿ ಹೆಂಗಸು, ಮಠದ ಅಡುಗೆಮನೆಗೆ ತರಕಾರಿ ಹಾಕುವ ಮುಸ್ಲಿಂ ವ್ಯಾಪಾರಿ, ಕಟ್ಟಡಕ್ಕೆ ಕಲ್ಲು ಹೊರುವವರು, ಬಾಡಿಗೆ ಗಾಡಿ ಓಡಿಸುವ ಹುಡುಗರು, ಇವರೆಲ್ಲರ ಕೊಡುಕೊಳ್ಳುವಿಕೆಯ ಕತೆ ಇನ್ನೂ ಬರೆಯದೆ ಉಳಿದಿದೆ. ದಲೈ ಲಾಮಾ ಪ್ರವಚನಕ್ಕೆ ಬಂದಾಗಲೆಲ್ಲ ಪೇಟೆಯ ಕಿರಾಣಿ ಅಂಗಡಿಯವರಿಗೂ ಸುಗ್ಗಿ. ಜೊತೆಗೆ ನೀರು, ಮೇವುಗಾವಲು, ಸರ್ಕಾರಿ ಸವಲತ್ತುಗಳ ಬಗ್ಗೆ ಗೊಣಗೂ ಇದೆ. ಕಾಡಂಚಿನಲ್ಲಿ ತಲೆಮಾರುಗಳಿಂದ ಇದ್ದವರಿಗೆ ಇಲ್ಲದ ಜಮೀನು ಪರದೇಶದಿಂದ ಬಂದವರಿಗೆ ಹೇಗೆ ಸಿಕ್ಕಿತು ಎಂಬ ಮಾತು ಚಹಾದಂಗಡಿಯಲ್ಲಿ ಕೇಳಿಸುತ್ತದೆ. ಆ ಮಾತನ್ನು ಹಗೆ ಎಂದು ತಳ್ಳಿಹಾಕಿದರೆ ತಪ್ಪಾಗುತ್ತದೆ. ಅದು ಪಟ್ಟೆ ಸಿಗದವನ ಸಂಕಟ. ಅವನಿಗೆ ಹೇಳಬೇಕಾದ ಇನ್ನೊಂದು ಮಾತೂ ಇದೆ: ಟಿಬೆಟನ್ನರಿಗೂ ಆ ನೆಲ ಸ್ವಂತವಲ್ಲ. ಅದು ಸರ್ಕಾರದ್ದು, ಅವರದು ಅನುಭೋಗ ಮಾತ್ರ.

ಭಾರತ 1951ರ ನಿರಾಶ್ರಿತರ ಒಪ್ಪಂದಕ್ಕೆ ಸಹಿ ಹಾಕಿಲ್ಲ. ಕಾನೂನಿನ ಕಣ್ಣಿನಲ್ಲಿ ಟಿಬೆಟನ್ನರು ವಿದೇಶಿಯರು. ಆರ್‌ಸಿ ಎಂದು ಅವರು ಕರೆಯುವ ನೋಂದಣಿ ಪತ್ರವನ್ನು ಕಾಲಕಾಲಕ್ಕೆ ನವೀಕರಿಸಿಕೊಂಡೇ ಬದುಕಬೇಕು. ಆದರೆ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರಿಂದ 1987ರ ಜುಲೈ 1ರ ಒಳಗೆ ಭಾರತದಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪೌರರು. ಇದು ಟಿಬೆಟನ್ನರಿಗೂ ಅನ್ವಯಿಸುತ್ತದೆಂದು ದೆಹಲಿ ಹೈಕೋರ್ಟ್ 2010ರಲ್ಲಿ ಹೇಳಿತು. 2013ರಲ್ಲಿ ಕರ್ನಾಟಕ ಹೈಕೋರ್ಟ್ ಕೂಡ ಅದನ್ನೇ ಎತ್ತಿಹಿಡಿಯಿತು. ಮರುವರ್ಷ ಅಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳಿ ಎಂದು ಚುನಾವಣಾ ಆಯೋಗ ಸೂಚಿಸಿತು. ಟಿಬೆಟ್ಟಿನಲ್ಲಿ ಹುಟ್ಟಿದ ತಂದೆತಾಯಿಯ ಇಬ್ಬರು ಮಕ್ಕಳು ಒಂದೇ ಕ್ಯಾಂಪಿನಲ್ಲಿ ಹುಟ್ಟಿದ್ದಾರೆ ಎಂದುಕೊಳ್ಳಿ. 1986ರಲ್ಲಿ ಹುಟ್ಟಿದ ಅಕ್ಕ ಭಾರತೀಯಳು, 1988ರಲ್ಲಿ ಹುಟ್ಟಿದ ತಮ್ಮ ವಿದೇಶಿ. ಹಕ್ಕಿದ್ದ ಅಕ್ಕಂದಿರೆಲ್ಲ ಓಡೋಡಿ ಹೋಗಿ ಅರ್ಜಿ ಹಾಕಲಿಲ್ಲ. ಪಾಸ್‌ಪೋರ್ಟ್ ಬೇಕಿದ್ದರೆ ಆರ್‌ಸಿ ಒಪ್ಪಿಸಬೇಕು, ವಸಾಹತಿನ ಸೌಲಭ್ಯ ಬಿಡಬೇಕು ಎಂಬ ಷರತ್ತು 2017ರಲ್ಲಿ ಮುಂದೆ ಬಂತು. ಅದಕ್ಕಿಂತ ದೊಡ್ಡ ಅಳುಕು ಇನ್ನೊಂದಿತ್ತು: ನಾವೆಲ್ಲ ಭಾರತೀಯರಾದರೆ ಟಿಬೆಟ್ ಕೇಳುವವರು ಯಾರು ಉಳಿಯುತ್ತಾರೆ?

ಆ ಪ್ರಶ್ನೆಗೆ ಕಾಲ ಬೇರೆಯದೇ ಉತ್ತರ ಕೊಡುತ್ತಿದೆ. 2008ರ ನಂತರ ಚೀನಾ ಗಡಿಯನ್ನು ಬಿಗಿಗೊಳಿಸಿದ್ದರಿಂದ ಟಿಬೆಟ್ಟಿನಿಂದ ಹೊಸಬರು ಬರುವುದು ಬಹುತೇಕ ನಿಂತಿದೆ. ಇಲ್ಲೇ ಹುಟ್ಟಿದ ಯುವಕರು ಅಮೆರಿಕ, ಕೆನಡಾ, ಯುರೋಪಿಗೆ ಹೊರಟಿದ್ದಾರೆ. ಮನೆಗಳಲ್ಲಿ ಮೊಲಾ, ಪೊಲಾ ಎಂದು ಕರೆಸಿಕೊಳ್ಳುವ ಅಜ್ಜಿ ಅಜ್ಜಂದಿರು ಉಳಿದಿದ್ದಾರೆ. ಉಳುವ ಕೈ ಕಡಿಮೆಯಾದಂತೆ ಹೊಲಗಳನ್ನು ಸುತ್ತಲಿನ ಹಳ್ಳಿಯವರು ಲಾವಣಿಗೆ ಹಿಡಿಯುತ್ತಿದ್ದಾರೆ. ಮಠಗಳಲ್ಲಿ ಟಿಬೆಟ್ಟಿನವರಿಗಿಂತ ಭಾರತದ ಹಿಮಾಲಯ ಸೀಮೆಯ ಹುಡುಗರ ಪಾಲು ಏರುತ್ತಿದೆ. ಲಡಾಖಿನ ಭಿಕ್ಷು ಭಾರತೀಯ, ಅಲ್ಲಿನ ಪರಿಶಿಷ್ಟ ಪಂಗಡದವನು. ಪಕ್ಕದ ಚಾಪೆಯಲ್ಲಿ ಕೂತು ಅದೇ ಸೂತ್ರ ಪಠಿಸುವ ಟಿಬೆಟ್ಟಿನ ಖಾಮ್ ಸೀಮೆಯವನು ವಿದೇಶಿ.

ಇಂಥ ಊರನ್ನು ನಮ್ಮ ಜನಗಣತಿ ಈವರೆಗೆ ಧರ್ಮ, ಮಾತೃಭಾಷೆ, ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ ಎಂಬ ಕೆಲವೇ ಕಿಂಡಿಗಳಿಂದ ನೋಡಿದೆ. ಪರಿಶಿಷ್ಟ ಪಂಗಡದಲ್ಲಿ ಇರುವುದರಿಂದ ಜಿಲ್ಲೆಯ ಸಿದ್ದಿಯರು ಸುಮಾರು ಹತ್ತು ಸಾವಿರ ಎಂದು ನಮಗೆ ಗೊತ್ತು. ಗೌಳಿಗಳು ಎಷ್ಟು? ಪೂರ್ತಿ ಜಾತಿವಾರು ಜನಗಣತಿ ಕೊನೆಯದಾಗಿ ಪ್ರಕಟವಾದದ್ದು 1931ರಲ್ಲಿ. ಆಗ ಈ ಸೀಮೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಬುಡಕಟ್ಟಿನ ಪಟ್ಟಿಗೆ ಸೇರಿಸಿ ಎಂದು ಕೇಳುವವರಿಗೆ ಮೊದಲು ಎದುರಾಗುವ ಪ್ರಶ್ನೆ 'ನೀವೆಷ್ಟು ಜನ?' ಎಂಬುದೇ. ಮುಂದಿನ ಜನಗಣತಿಯಲ್ಲಿ ಜಾತಿಯನ್ನೂ ಎಣಿಸುವುದೆಂದು ಕೇಂದ್ರ ಸಂಪುಟ 2025ರ ಏಪ್ರಿಲ್‌ನಲ್ಲಿ ನಿರ್ಧರಿಸಿತು. ಲೆಕ್ಕಕ್ಕೆ ಹಿಡಿಯುವ ದಿನ 2027ರ ಮಾರ್ಚ್ 1. ಗೌಳಿಗಳು ಎಲ್ಲಿ 'ಗೌಳಿ' ಎಂದು, ಎಲ್ಲಿ 'ಧನಗರ' ಎಂದು, ಎಲ್ಲಿ ಬರೀ 'ಮರಾಠಿ' ಎಂದು ಬರೆಸುತ್ತಾರೆ ಎನ್ನುವುದರ ಮೇಲೆ ಅವರ ಲೆಕ್ಕ ಒಂದಾಗಿ ನಿಲ್ಲುತ್ತದೋ ಮೂರಾಗಿ ಒಡೆಯುತ್ತದೋ ನಿರ್ಧಾರವಾಗುತ್ತದೆ. ಅದನ್ನು ಅವರಿಗೆ ಈಗಲೇ, ಅವರ ಮಾತಿನಲ್ಲೇ ತಿಳಿಸಿ ಹೇಳಬೇಕು. ಗಣತಿದಾರರು ಡಾಂಬರು ರಸ್ತೆಯ ಪಕ್ಕದ ಮನೆಗಳಲ್ಲಿ ಕೂತು ಒಳಗಿನ ದಡ್ಡಿಗಳ ಹೆಸರನ್ನು ಬಾಯಿಮಾತಿನಲ್ಲಿ ತುಂಬಿಕೊಂಡು ಹಿಂದಿರುಗಬಾರದು. ಫೆಬ್ರುವರಿ, ಮಾರ್ಚ್‌ನಲ್ಲಿ ಇಲ್ಲಿನ ಹಳ್ಳಗಳು ಇಳಿದಿರುತ್ತವೆ, ಕಾಲುದಾರಿ ತೆರೆದಿರುತ್ತದೆ. ಕೊನೆಯ ಗೌಳಿವಾಡದ ತನಕ ನಡೆದು ಹೋಗಲು ಯಾವ ಅಡ್ಡಿಯೂ ಇಲ್ಲ.